ಪಲಾಯನ ತಾರೆಗಳು ಮತ್ತು ಅವುಗಳ ನೀಹಾರಿಕೆಗಳು: ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ಶಾಸನವೊಂದು ಒಂದು ದೇವಾಲಯದ ಗೋಡೆಯಲ್ಲಿ ದೊರೆತ ಮಾತ್ರಕ್ಕೆ ಅದು ಆ ದೇವಾಲಯಕ್ಕೇ ಸೇರಿದ್ದೆಂದು ಇತಿಹಾಸಕಾರನು ತೀರ್ಮಾನಿಸುವುದಿಲ್ಲ. ಕಲ್ಲು ಬೇರೆ ಊರಿನಿಂದ ಬಂದಿರಬಹುದು. ಜೀರ್ಣೋದ್ಧಾರದ ಕಾಲದಲ್ಲಿ ಯಾರೋ ತಂದು ಕೂರಿಸಿರಬಹುದು. ದೊರೆತ ಸ್ಥಳ ಬೇರೆ, ಮೂಲ ಸ್ಥಳ ಬೇರೆ ಎಂಬ ವಿವೇಕವು ಇತಿಹಾಸ ಸಂಶೋಧನೆಯ ಮೊದಲ ಪಾಠಗಳಲ್ಲೊಂದು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಖಗೋಳವಿಜ್ಞಾನವೂ ಇದೇ ಪಾಠವನ್ನು ತನ್ನದೇ ಆದ ಹಾದಿಯಲ್ಲಿ ಕಲಿಯಬೇಕಾಯಿತು. ಆಕಾಶದಲ್ಲಿ ಕೆಲವು ಭಾರೀ ತಾರೆಗಳು ತಾವು ಹುಟ್ಟಿರಲು ಸಾಧ್ಯವೇ ಇಲ್ಲದ ಎಡೆಗಳಲ್ಲಿ ಕಂಡುಬಂದವು. ಅವುಗಳಲ್ಲಿ ಕೆಲವಕ್ಕೆ ಸುತ್ತಲೂ ಹೊಳೆಯುವ ನೀಹಾರಿಕೆಗಳಿದ್ದವು. ಆ ನೀಹಾರಿಕೆಯೇ ತಾರೆಯ ತೌರೆಂದು ಭಾವಿಸುವುದು ಸಹಜವಾಗಿತ್ತು. ಆದರೆ ಅದು ತಪ್ಪಾಗಿತ್ತು.

ಇಂತಹ ತಾರೆಗಳನ್ನು ಪ್ರಸ್ತುತ ಲೇಖನದಲ್ಲಿ ‘ಪಲಾಯನ ತಾರೆ’ಗಳೆಂದು ಕರೆಯಲಾಗಿದೆ. ಇವುಗಳ ಮೂಲವನ್ನು ನಿರ್ಧರಿಸುವ ಪ್ರಯತ್ನ ಹೇಗೆ ಬೆಳೆಯಿತು, ಅದರಲ್ಲಿ ನೀಹಾರಿಕೆಗಳು ಮೊದಲು ದಾರಿ ತಪ್ಪಿಸಿ ಅನಂತರ ಹೇಗೆ ಸಾಕ್ಷ್ಯವಾದವು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಭಾರೀ ತಾರೆಗಳ ಅಲ್ಪಾಯುಷ್ಯ

ತಾರೆಗಳನ್ನು ಅವುಗಳ ರೋಹಿತದ ಆಧಾರದಿಂದ ವರ್ಗೀಕರಿಸುವಾಗ ಅತ್ಯಂತ ಬಿಸಿಯಾದವು ಓ ಮತ್ತು ಬಿ ವರ್ಗಗಳಿಗೆ ಸೇರುತ್ತವೆ. ಓ ವರ್ಗದ ತಾರೆಯ ಮೇಲ್ಮೈ ಉಷ್ಣತೆ 30,000 ಡಿಗ್ರಿಗೂ ಮಿಗಿಲು. ದ್ರವ್ಯರಾಶಿ ಸೂರ್ಯನ ಹದಿನೈದು, ಇಪ್ಪತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ಪಟ್ಟು. ಇವು ತಮ್ಮ ಇಂಧನವನ್ನು ಅತಿವೇಗವಾಗಿ ಖರ್ಚು ಮಾಡುವುದರಿಂದ ಇವುಗಳ ಬಾಳು ಕೆಲವೇ ದಶಲಕ್ಷ ವರ್ಷಗಳದ್ದು. ಸೂರ್ಯನ ಆಯುಷ್ಯ ಸುಮಾರು ಸಾವಿರ ಕೋಟಿ ವರ್ಷಗಳೆಂಬುದನ್ನು ನೆನೆದರೆ ಈ ಅಲ್ಪಾಯುಷ್ಯದ ಅರ್ಥ ಸ್ಪಷ್ಟವಾಗುತ್ತದೆ. ಇಷ್ಟು ಕಡಿಮೆ ಅವಧಿಯಲ್ಲಿ ಸಾಧಾರಣ ವೇಗದ ತಾರೆ ಹುಟ್ಟಿದ ಎಡೆಯಿಂದ ಹೆಚ್ಚು ದೂರ ಹೋಗಲಾರದು. ಆದ್ದರಿಂದ ಓ ವರ್ಗದ ತಾರೆ ಎಲ್ಲಿದೆಯೋ ಅದರ ಆಸುಪಾಸಿನಲ್ಲೇ ಅದರ ಜನ್ಮಸ್ಥಳವೂ, ಒಡಹುಟ್ಟಿದ ತಾರೆಗಳೂ ಇರಬೇಕು.

ಈ ನಿರೀಕ್ಷೆಗೆ ಬಲವಾದ ಆಧಾರ ದೊರೆತದ್ದು 1947ರಲ್ಲಿ. ಸೋವಿಯತ್ ಆರ್ಮೇನಿಯದ ವಿಕ್ಟರ್ ಅಂಬಾರ್ತ್ಸುಮ್ಯಾನರು ಬಿಸಿ ತಾರೆಗಳು ಸಡಿಲವಾದ ಗುಂಪುಗಳಲ್ಲಿ ಕಾಣಿಸಿಕೊಳ್ಳುತ್ತವೆಂದು ತೋರಿಸಿ ಅವನ್ನು ‘ತಾರಾಸಂಘ’ಗಳೆಂದು ಕರೆದರು. ಇವು ಗುರುತ್ವದಿಂದ ಬಿಗಿಯಾಗಿ ಬಂಧಿತವಾದವಲ್ಲ. ಹರಡಿಹೋಗುತ್ತಿರುವ ತರುಣ ಕುಟುಂಬಗಳು. 1952ರಲ್ಲಿ ಡಚ್ ಖಗೋಳವಿಜ್ಞಾನಿ ಏಡ್ರಿಯಾನ್ ಬ್ಲಾವ್ (1914–2010) ಪಾರ್ಥ ಪುಂಜದ ಒಂದು ತಾರಾಸಂಘದ ಸದಸ್ಯರ ಚಲನೆಯನ್ನು ಅಳೆದು, ಅವು ಒಂದೇ ಎಡೆಯಿಂದ ಹೊರಮುಖವಾಗಿ ಸಾಗುತ್ತಿವೆಯೆಂದೂ ಆ ಸಂಘದ ವಯಸ್ಸು ಹತ್ತು ಲಕ್ಷ ವರ್ಷಗಳನ್ನು ಸ್ವಲ್ಪವೇ ಮೀರಿದೆಯೆಂದೂ ತೋರಿಸಿದರು. ಚಲನೆಯನ್ನು ಹಿಂದಕ್ಕೆ ಎಣಿಸಿ ಜನ್ಮಕಾಲವನ್ನು ನಿರ್ಣಯಿಸುವ ಈ ವಿಧಾನವೇ ಮುಂದಿನ ಕಥೆಯ ತಳಹದಿ.

ವಿರುದ್ಧ ದಿಕ್ಕಿಗೆ ಹೊರಟ ಎರಡು ತಾರೆಗಳು

ವಿಜಯಸಾರಥಿ ಪುಂಜದ ಎ.ಇ. ತಾರೆ ಮತ್ತು ಕಪೋತ ಪುಂಜದ ಮ್ಯೂ ತಾರೆ ಆಕಾಶದಲ್ಲಿ ಒಂದಕ್ಕೊಂದು ಸುಮಾರು 70 ಡಿಗ್ರಿ ದೂರದಲ್ಲಿವೆ. ಒಂದು ಮಹಾವ್ಯಾಧ ಪುಂಜದ ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಎರಡೂ ಓ ವರ್ಗದ ಕೊನೆಯ ಮೆಟ್ಟಿಲಿನವು. ರೋಹಿತಗಳು ಅವಳಿಗಳೆನ್ನುವಷ್ಟು ಹೋಲುತ್ತವೆ. ಎರಡಕ್ಕೂ ತಮ್ಮ ಸುತ್ತ ಯಾವ ತಾರಾಸಂಘವೂ ಇಲ್ಲ.

ಬ್ಲಾವ್ ಅವರು ಅಮೆರಿಕದ ಯರ್ಕಿಸ್ ವೀಕ್ಷಣಾಲಯದಲ್ಲಿದ್ದಾಗ, ರೋಹಿತ ವರ್ಗೀಕರಣದಲ್ಲಿ ಆ ಕಾಲದ ಅಗ್ರಗಣ್ಯರಾದ ವಿಲಿಯಂ ಮಾರ್ಗನ್ ಅವರೊಡನೆ ಈ ಎರಡು ತಾರೆಗಳ ಚಲನೆಯನ್ನು ಪರಿಶೀಲಿಸಿ 1954ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ತಾರೆಯ ಚಲನೆಯನ್ನು ತಿಳಿಯಲು ಎರಡು ಅಳತೆಗಳು ಬೇಕು. ಮೊದಲನೆಯದು ಆಕಾಶದ ಹಿನ್ನೆಲೆಯಲ್ಲಿ ಅದು ಸರಿಯುವ ಪರಿಮಾಣ, ಅಂದರೆ ನಿಜಚಲನೆ. ಈ ತಾರೆಗಳ ವಿಷಯದಲ್ಲಿ ಇದು ಶತಮಾನವೊಂದರಲ್ಲಿ ಕೆಲವೇ ವಿಕಲೆಗಳಷ್ಟು. ಎರಡನೆಯದು ನಮ್ಮತ್ತ ಅಥವಾ ನಮ್ಮಿಂದ ಆಚೆಗೆ ಸಾಗುವ ವೇಗ. ಇದು ರೋಹಿತದ ರೇಖೆಗಳ ಪಲ್ಲಟದಿಂದ ದೊರೆಯುತ್ತದೆ. ಇವೆರಡಕ್ಕೂ ದೂರದ ಅಂದಾಜನ್ನು ಸೇರಿಸಿದಾಗ ದೊರೆತ ಫಲಿತಾಂಶ ಅಚ್ಚರಿಯದಾಗಿತ್ತು. ಎರಡೂ ತಾರೆಗಳು ಸೆಕೆಂಡಿಗೆ 100 ಕಿಲೋಮೀಟರಿಗೂ ಮೀರಿದ, ಹೆಚ್ಚುಕಡಿಮೆ ಸಮಾನವಾದ ವೇಗದಲ್ಲಿ ಪರಸ್ಪರ ವಿರುದ್ಧ ದಿಕ್ಕಿಗೆ ಧಾವಿಸುತ್ತಿದ್ದವು. ಅವುಗಳ ಪಥಗಳನ್ನು ಹಿಂದಕ್ಕೆ ಎಳೆದರೆ ಎರಡೂ ಮಹಾವ್ಯಾಧದ ಮಹಾನೀಹಾರಿಕೆಯ ಪ್ರದೇಶದಲ್ಲಿ, ಸುಮಾರು 25 ಲಕ್ಷ ವರ್ಷಗಳ ಹಿಂದೆ ಸಂಧಿಸುತ್ತಿದ್ದವು.

ಸೆಕೆಂಡಿಗೆ 100 ಕಿಲೋಮೀಟರ್ ಎಂದರೆ ಬೆಳಕಿನ ವೇಗದ ಮೂರು ಸಾವಿರದ ಒಂದು ಪಾಲು. ಈ ವೇಗದಲ್ಲಿ 25 ಲಕ್ಷ ವರ್ಷಗಳಲ್ಲಿ ತಾರೆ 800 ಜ್ಯೋತಿರ್ವರ್ಷಗಳಿಗೂ ಹೆಚ್ಚು ದೂರ ಸಾಗುತ್ತದೆ. ಅಲ್ಪಾಯುಷಿಯಾದ ತಾರೆ ಹುಟ್ಟಿದ ಎಡೆಯಿಂದ ಇಷ್ಟು ದೂರವಿರುವುದು ಹೇಗೆಂಬ ಪ್ರಶ್ನೆಗೆ ಇದರಿಂದ ಉತ್ತರ ದೊರೆಯಿತು. 1956ರಲ್ಲಿ ಬ್ಲಾವ್ ಅವರು ಮೇಷದ 53ನೆಯ ತಾರೆಯನ್ನೂ ಇದೇ ಮಹಾವ್ಯಾಧ ಪ್ರದೇಶದಿಂದ ಹೊರಟದ್ದೆಂದು ಗುರುತಿಸಿದರು. ‘ಎಲ್ಲಿಂದ’ ಎಂಬ ಪ್ರಶ್ನೆ ಹೀಗೆ ಬಗೆಹರಿಯತೊಡಗಿದಾಗ ಅದಕ್ಕಿಂತ ಕಠಿನವಾದ ‘ಏಕೆ’ ಎಂಬ ಪ್ರಶ್ನೆ ಎದುರಾಯಿತು.

ಎರಡು ವಿವರಣೆಗಳು

1961ರಲ್ಲಿ ನೆದರ್ಲೆಂಡ್ಸಿನ ಖಗೋಳ ಸಂಸ್ಥೆಗಳ ಪತ್ರಿಕೆಯಲ್ಲಿ ಬ್ಲಾವ್ ಅವರ ಸುದೀರ್ಘ ಪ್ರಬಂಧ ಪ್ರಕಟವಾಯಿತು. ಅತಿವೇಗದ ಓ ಮತ್ತು ಬಿ ತಾರೆಗಳ ಮೂಲವನ್ನು ಕುರಿತ ಆ ಪ್ರಬಂಧದ ಶೀರ್ಷಿಕೆಯಲ್ಲಿ ‘ಓಡಿಹೋದ’ ಎಂಬ ವಿಶೇಷಣವನ್ನು ಅವರು ಉದ್ಧರಣ ಚಿಹ್ನೆಗಳ ನಡುವೆ ಇರಿಸಿದ್ದರು. ಪದವಿನ್ನೂ ಪಾರಿಭಾಷಿಕವಾಗಿರಲಿಲ್ಲ, ಆ ಪ್ರಬಂಧದ ಪ್ರಭಾವದಿಂದ ಅದು ಪಾರಿಭಾಷಿಕವಾಯಿತು.

ಭಾರೀ ತಾರೆಗಳು ಬಹುಮಟ್ಟಿಗೆ ಜೋಡಿಗಳಾಗಿ ಹುಟ್ಟುತ್ತವೆ ಎಂಬುದು ಬ್ಲಾವ್ ಅವರ ವಿವರಣೆಯ ಮೂಲಾಂಶ. ಜೋಡಿಯಲ್ಲಿ ಹೆಚ್ಚು ಭಾರವಾದುದು ಮೊದಲು ಮುಪ್ಪಾಗಿ ಮಹಾನವ್ಯವಾಗಿ (ಸೂಪರ್ನೋವಾ) ಸ್ಫೋಟಿಸುತ್ತದೆ. ವ್ಯವಸ್ಥೆಯ ಒಟ್ಟು ದ್ರವ್ಯರಾಶಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಠಾತ್ತನೆ ಹೊರಟುಹೋದರೆ ಜೋಡಿಯ ಗುರುತ್ವಬಂಧ ಕಡಿದುಹೋಗುತ್ತದೆ. ಕವಣೆಯ ಹಗ್ಗ ಬಿಟ್ಟಾಗ ಕಲ್ಲು ಹಾರುವಂತೆ, ಸಂಗಾತಿ ತಾರೆ ತನ್ನ ಪರಿಭ್ರಮಣ ವೇಗದಲ್ಲೇ ನೇರವಾಗಿ ಹೊರಟುಬಿಡುತ್ತದೆ. ಈ ವಿಚಾರದ ಸುಳಿವನ್ನು 1957ರಲ್ಲಿ ಫ್ರಿಟ್ಜ್ ಜ್ವಿಕಿ ನೀಡಿದ್ದರು. ಅದನ್ನು ವೀಕ್ಷಣೆಗಳ ಆಧಾರದ ಮೇಲೆ ವ್ಯವಸ್ಥಿತ ಸಿದ್ಧಾಂತವಾಗಿ ಬೆಳೆಸಿದ ಶ್ರೇಯಸ್ಸು ಬ್ಲಾವ್ ಅವರದು.

1967ರಲ್ಲಿ ಮೆಕ್ಸಿಕೊದ ಆರ್ಕಾಡಿಯೊ ಪೊವೆಡ, ಹೈಮೆ ರೂಯಿಸ್ ಮತ್ತು ಕ್ರಿಸ್ಟೀನ್ ಆಲೆನ್ ಬೇರೊಂದು ವಿವರಣೆಯನ್ನು ಮುಂದಿಟ್ಟರು. ತಾರಾಗುಚ್ಛದ ಇಕ್ಕಟ್ಟಾದ ನಡುವಿನಲ್ಲಿ ಭಾರೀ ತಾರೆಗಳು ಒಂದನ್ನೊಂದು ತೀರ ಸಮೀಪಿಸಿದಾಗ ಗುರುತ್ವದ ಸೆಳೆತ-ಎಸೆತಗಳಲ್ಲಿ ಒಂದೋ ಎರಡೋ ಹೊರಕ್ಕೆ ಚಿಮ್ಮುತ್ತವೆ. ಇದಕ್ಕೆ ಯಾವ ಸ್ಫೋಟವೂ ಬೇಕಿಲ್ಲ. ಗಣಕಯಂತ್ರದ ಲೆಕ್ಕಾಚಾರಗಳು ಇದು ಸಾಧ್ಯವೆಂದು ತೋರಿಸಿದವು.

ಎರಡು ವಿವರಣೆಗಳು ಸೂಚಿಸುವ ಇತಿಹಾಸಗಳು ಬೇರೆ ಬೇರೆ. ಬ್ಲಾವ್ ಅವರ ಪ್ರಕಾರ ಪಲಾಯನವು ಒಂದು ತಾರೆಯ ಮರಣದ ಫಲ. ಪೊವೆಡ ಅವರ ಪ್ರಕಾರ ಅದು ಗುಚ್ಛದ ಬಾಲ್ಯದಲ್ಲೇ ನಡೆಯುವ ಘಟನೆ. ಇದರ ನಡುವೆ ಜೋಡಿ ತಾರೆಗಳ ವಿಕಾಸವನ್ನು ಕುರಿತ ಅರಿವೂ ಬದಲಾಯಿತು. ಸ್ಫೋಟಕ್ಕೆ ಮುನ್ನ ಹಿರಿಯ ತಾರೆ ತನ್ನ ದ್ರವ್ಯದ ಬಹುಪಾಲನ್ನು ಕಿರಿಯದಕ್ಕೆ ಸುರಿಯುತ್ತದೆಂದು 1960ರ ದಶಕದ ಕೊನೆಗೆ ಸ್ಪಷ್ಟವಾಯಿತು. ಹಾಗಾದರೆ ಸ್ಫೋಟಿಸುವುದು ಹಗುರವಾದ ತಾರೆ. ಬಂಧ ಎಷ್ಟೋ ವೇಳೆ ಕಡಿಯದೆ, ಪಲಾಯನ ತಾರೆಯ ಜೊತೆಗೆ ನ್ಯೂಟ್ರಾನ್ ತಾರೆಯೊಂದು ಉಳಿಯಬೇಕು. ಇಂತಹ ಜೋಡಿಗಳ ವಿಕಾಸವನ್ನು ಸಮಗ್ರವಾಗಿ ನಿರೂಪಿಸಿದ 1991ರ ಸಮೀಕ್ಷೆಯ ಲೇಖಕರಲ್ಲೊಬ್ಬರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ದೀಪಂಕರ್ ಭಟ್ಟಾಚಾರ್ಯ. ಇನ್ನೊಬ್ಬರು ನೆದರ್ಲೆಂಡ್ಸಿನ ಎಡ್ವರ್ಡ್ ವ್ಯಾನ್ ಡೆನ್ ಹ್ಯೂವೆಲ್. ಆದರೆ 1986ರಲ್ಲಿ ಡಗ್ಲಸ್ ಗೀಸ್ ಮತ್ತು ಥಾಮಸ್ ಬೋಲ್ಟನ್ ಪಲಾಯನ ತಾರೆಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ನಿರೀಕ್ಷಿತ ಸಂಗಾತಿಗಳು ಕಾಣಲಿಲ್ಲ. ತಕ್ಕಡಿ ಪೊವೆಡ ಅವರ ಕಡೆಗೆ ವಾಲಿತು.

ಮೂರು ಬಗೆಯ ನೀಹಾರಿಕೆಗಳು

ಈ ವಾದದಲ್ಲಿ ನೀಹಾರಿಕೆಗಳ ಪಾತ್ರವೇನೆಂಬುದನ್ನು ಈಗ ನೋಡಬಹುದು. ಪಲಾಯನ ತಾರೆಗೂ ನೀಹಾರಿಕೆಗೂ ಇರುವ ಸಂಬಂಧ ಮೂರು ಬಗೆಯದು: ಹುಟ್ಟಿದ ಮನೆ, ದಾರಿಯ ನೆರೆ, ಮತ್ತು ತಾನೇ ಮೂಡಿಸಿದ ಗುರುತು. ಇವುಗಳನ್ನು ಬೇರ್ಪಡಿಸದೆ ತಾರೆಯ ಇತಿಹಾಸವನ್ನು ಬರೆಯುವಂತಿಲ್ಲ.

ಹುಟ್ಟಿದ ಮನೆಗೆ ಮಹಾವ್ಯಾಧದ ನೀಹಾರಿಕೆ ಉದಾಹರಣೆ. ಎ.ಇ. ತಾರೆ ಇಂದು ಅಲ್ಲಿಲ್ಲ. ಆದರೆ ಅದರ ಪಥ ಅಲ್ಲಿಗೆ ಕೊಂಡೊಯ್ಯುತ್ತದೆ.

ದಾರಿಯ ನೆರೆಗೆ ಅದೇ ಎ.ಇ. ತಾರೆಯನ್ನು ಇಂದು ಸುತ್ತುವರಿದಿರುವ ನೀಹಾರಿಕೆ ಉದಾಹರಣೆ. 1892ರಲ್ಲಿ ಛಾಯಾಚಿತ್ರ ಫಲಕಗಳಲ್ಲಿ ಗುರುತಿಸಲ್ಪಟ್ಟ ಇದು ಡ್ರೇಯರರ 1895ರ ಸೂಚಿಯಲ್ಲಿ 405ನೆಯದಾಗಿ ಸೇರಿತು; ನಾಲಗೆ ಚಾಚಿದಂತಿರುವ ಅನಿಲದ ಎಳೆಗಳಿಂದಾಗಿ ‘ಉರಿವ ತಾರೆಯ ನೀಹಾರಿಕೆ’ ಎಂದು ಹೆಸರಾಯಿತು. ತಾರೆಯ ಅತಿನೇರಳೆ ಕಿರಣಗಳು ಅನಿಲವನ್ನು ಬೆಳಗಿಸುತ್ತವೆ, ದೂಳು ತಾರೆಯ ನೀಲಿ ಬೆಳಕನ್ನು ಪ್ರತಿಫಲಿಸುತ್ತದೆ. ನೋಡಿದವರಿಗೆ ಇವು ತಾಯಿ-ಮಗುವಿನಂತೆ ಕಾಣುತ್ತವೆ. ವಾಸ್ತವದಲ್ಲಿ ಇದು ಆಕಸ್ಮಿಕ ಭೇಟಿ. ಆ ಮೇಘ ಅಲ್ಲಿ ಮೊದಲೇ ಇತ್ತು. ದೂರದಿಂದ ಬಂದ ತಾರೆ ಅದನ್ನು ಹಾದುಹೋಗುತ್ತಿದೆ. ತಾರೆ ಮುಂದೆ ಸಾಗಿದ ಮೇಲೆ ಮೇಘದ ಬೆಳಕು ನಂದುವುದು. ಸಾಮೀಪ್ಯವೇ ಸಂಬಂಧವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಆಕಾಶದಲ್ಲಿ ವಿರಳ.

ಮೂರನೆಯ ಬಗೆಯೇ ಹೆಚ್ಚು ಸ್ವಾರಸ್ಯದ್ದು. ಬಿಸಿ ತಾರೆಯ ಮೇಲ್ಮೈಯಿಂದ ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಕಣಗಳ ಪ್ರವಾಹ ಹೊರಡುತ್ತದೆ, ಇದು ತಾರಾಮಾರುತ. ತಾರೆ ಸ್ವತಃ ಅಂತರತಾರಾ ಅನಿಲದಲ್ಲಿ ಧಾವಿಸುತ್ತಿದ್ದರೆ ಆ ಮಾರುತಕ್ಕೆ ಮುಂಭಾಗದಲ್ಲಿ ಅಡೆತಡೆ ಎದುರಾಗುತ್ತದೆ. ಹೊಳೆಯಲ್ಲಿ ವೇಗವಾಗಿ ಸಾಗುವ ದೋಣಿಯ ಮೂತಿಯ ಮುಂದೆ ನೀರು ಬಾಗಿ ಏಳುವಂತೆ, ಅನಿಲ ಮತ್ತು ದೂಳು ತಾರೆಯ ಮುಂದೆ ಕಮಾನಾಗಿ ಒತ್ತಲ್ಪಡುತ್ತವೆ. ಪಾಶ್ಚಾತ್ಯರು ಇದನ್ನು ‘ಬೋ ಶಾಕ್’ ಎನ್ನುತ್ತಾರೆ. ಇಲ್ಲಿ ‘ಬೋ’ ಎಂದರೆ ಬಿಲ್ಲಲ್ಲ, ಹಡಗಿನ ಮುಂಭಾಗ. ಆಕಾರವನ್ನು ಲಕ್ಷಿಸಿ ಇದನ್ನು ‘ಆಘಾತ ಕಮಾನು’ ಎನ್ನಬಹುದು. ತಾರೆಯಿಂದ ಕಮಾನಿಗೆ ಇರುವ ದೂರವು ಒಂದು ಸಮತೋಲವನ್ನು ಸೂಚಿಸುತ್ತದೆ: ಮಾರುತ ಪ್ರಬಲವಾದಷ್ಟೂ ಕಮಾನು ದೂರ ಸರಿಯುತ್ತದೆ, ತಾರೆಯ ವೇಗವೋ ಸುತ್ತಲ ಅನಿಲದ ಸಾಂದ್ರತೆಯೋ ಹೆಚ್ಚಿದಷ್ಟೂ ಹತ್ತಿರ ಬರುತ್ತದೆ. ಇದರ ಗಣಿತವನ್ನು 1971ರಲ್ಲಿ ಸೋವಿಯತ್ ವಿಜ್ಞಾನಿಗಳಾದ ಬರಾನೊವ್ ಮತ್ತು ಸಂಗಡಿಗರು ರೂಪಿಸಿದರು. ಕಮಾನಿನ ಆಕಾರಕ್ಕೆ ಸರಳವಾದ ಸೂತ್ರವನ್ನು 1996ರಲ್ಲಿ ಫ್ರಾನ್ಸಿಸ್ ವಿಲ್ಕಿನ್ ನೀಡಿದರು.

1979ರಲ್ಲಿ ಥಿಯೊಡರ್ ಗಲ್ ಮತ್ತು ಸಬಾಟಿನೊ ಸೋಫಿಯಾ ಉರಗಧರ ಪುಂಜದ ಝೀಟಾ ತಾರೆಯ ಮುಂದೆ ಇಂತಹ ಕಮಾನನ್ನು ಗುರುತಿಸಿದರು. ಆದರೆ ಸುತ್ತಲ ನೀಹಾರಿಕೆಗಳ ಹೊಳಪಿನಲ್ಲಿ ಕಮಾನುಗಳು ಬಹುಮಟ್ಟಿಗೆ ಮರೆಯಾಗುತ್ತಿದ್ದವು. 1983ರಲ್ಲಿ ಉಡಾಯಿಸಲ್ಪಟ್ಟ ಐರಾಸ್ ಉಪಗ್ರಹ ಹತ್ತು ತಿಂಗಳ ಕಾಲ ಆಕಾಶವನ್ನು ಅವಕೆಂಪು ಕಿರಣಗಳಲ್ಲಿ ಸಮೀಕ್ಷಿಸಿದಾಗ ಪರಿಸ್ಥಿತಿ ಬದಲಾಯಿತು. ಒತ್ತಿದ ದೂಳು ತಾರೆಯ ಬೆಳಕಿನಿಂದ ಬಿಸಿಯಾಗಿ ಅವಕೆಂಪಿನಲ್ಲಿ ಬೆಳಗುತ್ತದೆ. 1988ರಲ್ಲಿ ವ್ಯಾನ್ ಬ್ಯೂರೆನ್ ಮತ್ತು ಮೆಕ್‌ಕ್ರೇ ಐರಾಸ್ ಚಿತ್ರಗಳಲ್ಲಿ ಹಲವು ಬಿಸಿ ತಾರೆಗಳ ಸುತ್ತ ಕಮಾನುಗಳನ್ನು ತೋರಿಸಿಕೊಟ್ಟರು. ಅನಂತರದ ಸ್ಪಿಟ್ಜರ್ ಮತ್ತು ವೈಸ್ ದೂರದರ್ಶಕಗಳ ದತ್ತಾಂಶದಿಂದ 2016ರಲ್ಲಿ ಹೆನ್ರಿ ಕೊಬುಲ್ನಿಕಿ ಮತ್ತು ಸಂಗಡಿಗರು ಪ್ರಕಟಿಸಿದ ಪಟ್ಟಿಯಲ್ಲಿ 709 ಕಮಾನುಗಳಿವೆ.

ಹುಟ್ಟಿದ ಮನೆ ಮತ್ತು ದಾರಿಯ ನೆರೆಗಳಿಗೆ ಹೋಲಿಸಿದರೆ ಆಘಾತ ಕಮಾನಿನ ವಿಶೇಷವೆಂದರೆ ಅದು ತಾರೆಯ ಚಲನೆಯಿಂದಲೇ ಹುಟ್ಟಿದ ಗುರುತು. ಅದರ ಮೂತಿ ಪ್ರಯಾಣದ ದಿಕ್ಕನ್ನು ತೋರಿಸುತ್ತದೆ. ಇದರ ಬೆಲೆ 1997ರಲ್ಲಿ ವ್ಯಕ್ತವಾಯಿತು. ನೌಕಾಪಟ ಪುಂಜದ ವೀಲಾ ಎಕ್ಸ್-1 ಎಂಬ ಕ್ಷಕಿರಣ ಆಕರದಲ್ಲಿ ಒಂದು ಮಹಾದೈತ್ಯ ತಾರೆ ಮತ್ತು ಸುಮಾರು 283 ಸೆಕೆಂಡುಗಳಿಗೊಮ್ಮೆ ಮಿಡಿಯುವ ನ್ಯೂಟ್ರಾನ್ ತಾರೆ ಒಂಬತ್ತು ದಿನಗಳಿಗೊಮ್ಮೆ ಪರಸ್ಪರ ಸುತ್ತುತ್ತವೆ. ಲೆಕ್ಸ್ ಕಾಪರ್ ಮತ್ತು ಸಂಗಡಿಗರು ಚಿಲಿಯ ಲಾ ಸಿಲ್ಲಾದಿಂದ ತೆಗೆದ ಚಿತ್ರದಲ್ಲಿ ಈ ಜೋಡಿಯ ಮುಂದೆ ಸ್ಪಷ್ಟವಾದ ಕಮಾನು ಕಂಡಿತು. ಒಂದು ತಾರೆ ಸ್ಫೋಟಿಸಿತ್ತು, ಬಂಧ ಕಡಿದಿರಲಿಲ್ಲ, ಜೋಡಿ ಧಾವಿಸುತ್ತಿತ್ತು. ಗೀಸ್ ಮತ್ತು ಬೋಲ್ಟನ್ ಹುಡುಕಿ ಕಾಣದಿದ್ದ ಸಂಗಾತಿ ಇಲ್ಲಿ ಸಿಕ್ಕಿತು. ಬ್ಲಾವ್ ಅವರ ವಿವರಣೆಗೆ ನೀಹಾರಿಕೆಯೇ ಸಾಕ್ಷಿ ನುಡಿದಂತಾಯಿತು.

ಆದರೂ ಈ ಸಾಕ್ಷಿಯನ್ನೂ ಪಾಟೀಸವಾಲಿಗೆ ಒಳಪಡಿಸಬೇಕಾಗುತ್ತದೆ. ತಾರೆ ನಿಂತಲ್ಲೇ ಇದ್ದು, ಸಮೀಪದ ತಾರಾಗುಚ್ಛದಿಂದ ಬೀಸುವ ಅನಿಲಪ್ರವಾಹ ಅದಕ್ಕೆ ಬಡಿದರೂ ಇದೇ ಬಗೆಯ ಕಮಾನು ಉಂಟಾಗುತ್ತದೆ. ಹೊಳೆಯ ನಡುವಿನ ಬಂಡೆಯ ಮುಂದೆಯೂ ನೀರು ಬಾಗುವುದಷ್ಟೆ. ಆದ್ದರಿಂದ ಕಮಾನಿರುವ ತಾರೆಗಳೆಲ್ಲ ಪಲಾಯನ ತಾರೆಗಳಲ್ಲ. ಕಮಾನಿನ ಸಾಕ್ಷ್ಯವನ್ನು ಚಲನೆಯ ಮಾಪನದೊಡನೆ ತಾಳೆ ನೋಡುವುದು ಅನಿವಾರ್ಯ.

ನಲವತ್ತು ವರ್ಷಗಳ ನಂತರದ ಎರಡನೆಯ ಭಾಗ

ಅಂತಹ ಮಾಪನವನ್ನು ಒದಗಿಸಿದ್ದು 1989ರಲ್ಲಿ ಐರೋಪ್ಯ ಸಂಸ್ಥೆ ಉಡಾಯಿಸಿದ ಹಿಪ್ಪಾರ್ಕಸ್ ಉಪಗ್ರಹ. ಸುಮಾರು 1,18,000 ತಾರೆಗಳ ಸ್ಥಾನ, ದೂರ, ನಿಜಚಲನೆಗಳನ್ನು ಹಿಂದೆಂದೂ ಇಲ್ಲದ ನಿಖರತೆಯಲ್ಲಿ ಅಳೆದ ಈ ಯೋಜನೆಯ ಪಟ್ಟಿ 1997ರಲ್ಲಿ ಪ್ರಕಟವಾಯಿತು. ಇದನ್ನು ಬಳಸಿ ಲೈಡನ್ನಿನ ಹೂಗರ್‌ವರ್ಫ್, ಡಿ ಬ್ರೈನೆ ಮತ್ತು ಡಿ ಝೇವ್ 2001ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ಬ್ಲಾವ್ ಅವರ 1961ರ ಶೀರ್ಷಿಕೆಯನ್ನೇ ಇಟ್ಟು ‘ಎರಡನೆಯ ಭಾಗ’ ಎಂದು ಸೇರಿಸಿದರು. ಗುರುವಿನ ಗ್ರಂಥಕ್ಕೆ ಶಿಷ್ಯಪರಂಪರೆ ಬರೆದ ಉತ್ತರಭಾಗದಂತಿರುವ ಇದರಲ್ಲಿ 56 ಪಲಾಯನ ತಾರೆಗಳ ಮತ್ತು ಒಂಬತ್ತು ನ್ಯೂಟ್ರಾನ್ ತಾರೆಗಳಂತಹ ಕಾಯಗಳ ಪಥಗಳನ್ನು ಹಿಂದಕ್ಕೆ ಎಣಿಸಲಾಗಿತ್ತು.

ಫಲಿತಾಂಶದಲ್ಲಿ ಒಂದು ವಿಪರ್ಯಾಸವಿತ್ತು. ಬ್ಲಾವ್ ಅವರನ್ನು ಈ ಹಾದಿಗೆ ಹಚ್ಚಿದ ಎ.ಇ. ಮತ್ತು ಮ್ಯೂ ತಾರೆಗಳು ಸ್ಫೋಟದಿಂದ ಹೊರಟವಲ್ಲವೆಂದು ಕಂಡುಬಂದಿತು. ಅವುಗಳ ಪಥಗಳ ಜೊತೆಗೆ ಮಹಾವ್ಯಾಧದ ಅಯೋಟಾ ಎಂಬ, ಅತಿ ದೀರ್ಘವೃತ್ತೀಯ ಕಕ್ಷೆಯ ಜೋಡಿ ತಾರೆಯ ಪಥವೂ ಸುಮಾರು 25 ಲಕ್ಷ ವರ್ಷಗಳ ಹಿಂದೆ ಒಂದೇ ಎಡೆಯಲ್ಲಿ ಕೂಡುತ್ತಿತ್ತು. ಎರಡು ಜೋಡಿಗಳು ಎದುರುಬದುರಾಗಿ, ಸಂಗಾತಿಗಳು ಅದಲುಬದಲಾಗಿ, ಎರಡು ತಾರೆಗಳು ವಿರುದ್ಧ ದಿಕ್ಕಿಗೆ ಎಸೆಯಲ್ಪಟ್ಟಿದ್ದವು. ಇದು ಪೊವೆಡ ಅವರ ವಿವರಣೆ. ಇನ್ನೊಂದು ಕಡೆ, ಉರಗಧರದ ಝೀಟಾ ತಾರೆಯ ಪಥವು ಒಂದು ಪಲ್ಸಾರಿನ ಪಥದೊಡನೆ ವೃಶ್ಚಿಕದ ತಾರಾಸಂಘದಲ್ಲಿ, ಸುಮಾರು ಹತ್ತು ಲಕ್ಷ ವರ್ಷಗಳ ಹಿಂದೆ ಸಂಧಿಸಿತು. ಇದು ಬ್ಲಾವ್ ಅವರ ವಿವರಣೆ. ಅಲ್ಲಿಗೆ ಎರಡು ಸಿದ್ಧಾಂತಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಯ ಬದಲು ಯಾವ ತಾರೆಗೆ ಯಾವುದು ಎಂಬ ಪ್ರಶ್ನೆ ಮುಖ್ಯವಾಯಿತು.

ಉರಗಧರದ ಝೀಟಾ: ತಿದ್ದಲ್ಪಟ್ಟ ವಂಶಾವಳಿ

ಮೇ-ಜೂನ್ ತಿಂಗಳ ಮೋಡವಿಲ್ಲದ ರಾತ್ರಿಗಳಲ್ಲಿ ಜ್ಯೇಷ್ಠಾ ನಕ್ಷತ್ರದಿಂದ ಉತ್ತರಕ್ಕೆ ಸುಮಾರು 16 ಡಿಗ್ರಿ ದೂರದಲ್ಲಿ ಬರಿಗಣ್ಣಿಗೆ ಕಾಣುವ ಈ ತಾರೆಯ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ಸೂರ್ಯನ ಸುಮಾರು 20 ಪಟ್ಟು ದ್ರವ್ಯರಾಶಿಯ ಇದು ನಮ್ಮಿಂದ ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿದೆ. ಇದು ಬೆಳಗಿಸಿರುವ ನೀಹಾರಿಕೆ ಆಕಾಶದಲ್ಲಿ ಹತ್ತು ಡಿಗ್ರಿಗಳಷ್ಟು, ಅಂದರೆ ಇಪ್ಪತ್ತು ಪೂರ್ಣಚಂದ್ರರನ್ನು ಸಾಲಾಗಿ ಇಟ್ಟಷ್ಟು ವಿಸ್ತಾರವಾದದ್ದು. ಅದರೊಳಗೆ, ತಾರೆಯಿಂದ ಸುಮಾರು ಅರ್ಧ ಜ್ಯೋತಿರ್ವರ್ಷದಷ್ಟು ಮುಂದೆ, ಅದರ ಆಘಾತ ಕಮಾನಿದೆ. ತಾರೆ ತನ್ನ ಅಕ್ಷದ ಸುತ್ತ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಗಿರಕಿ ಹೊಡೆಯುತ್ತದೆ. ಅದರ ಮೇಲ್ಮೈಯಲ್ಲಿ ಹೀಲಿಯಂ ಅಧಿಕವಾಗಿದೆ. ಹಿಂದೆ ಸಂಗಾತಿಯಿಂದ ದ್ರವ್ಯವನ್ನು ಪಡೆದ ತಾರೆಯ ಲಕ್ಷಣಗಳಿವು. 2021ರಲ್ಲಿ ರೆಂಜೊ ಮತ್ತು ಗಾಟ್ಬರ್ಗ್ ರೂಪಿಸಿದ ಮಾದರಿಗಳೂ ಇದನ್ನೇ ಸಮರ್ಥಿಸಿದವು.

ಸಂಗಾತಿ ಇತ್ತೆಂಬುದು ಹೀಗೆ ದೃಢಪಟ್ಟರೂ ಅದರ ಅವಶೇಷ ಯಾವುದೆಂಬ ನಿರ್ಣಯ ಬದಲಾಯಿತು. 2001ರಲ್ಲಿ ಗುರುತಿಸಲ್ಪಟ್ಟ ಪಲ್ಸಾರಿನ ದೂರ ಮತ್ತು ಚಲನೆಗಳನ್ನು ರೇಡಿಯೊ ದೂರದರ್ಶಕಗಳ ಜಾಲದಿಂದ ಮತ್ತಷ್ಟು ನಿಖರವಾಗಿ ಅಳೆದಾಗ, 2004ರ ವೇಳೆಗೆ ಆ ಸಂಬಂಧ ಶಂಕಾಸ್ಪದವಾಯಿತು. 2020ರಲ್ಲಿ ಜರ್ಮನಿಯ ರಾಲ್ಫ್ ನಾಯ್‌ಹಾಯ್ಸರ್ ಮತ್ತು ಸಂಗಡಿಗರು ಬೇರೊಂದು ಪಲ್ಸಾರನ್ನು ಹೆಸರಿಸಿ, ಸ್ಫೋಟದ ಕಾಲವನ್ನು ಸುಮಾರು 17 ಲಕ್ಷ 80 ಸಾವಿರ ವರ್ಷಗಳ ಹಿಂದಕ್ಕೆ ಒಯ್ದರು. ಭೂಮಿಯ ಸಾಗರತಳದ ಪದರಗಳಲ್ಲಿ ದೊರೆತಿರುವ ಕಬ್ಬಿಣ-60 ಎಂಬ ವಿಕಿರಣಶೀಲ ಸಮಸ್ಥಾನಿಯ ಒಂದು ಭಾಗ ಆ ಸ್ಫೋಟದಿಂದಲೇ ಬಂದಿರಬಹುದೆಂದೂ ಅವರು ವಾದಿಸಿದರು. ಈ ಸಮಸ್ಥಾನಿಯ ಅರ್ಧಾಯುಷ್ಯ ಸುಮಾರು 26 ಲಕ್ಷ ವರ್ಷಗಳಾದ್ದರಿಂದ ಅದು ಭೂಮಿಯ ಹುಟ್ಟಿನೊಡನೆ ಬಂದು ಇಂದಿಗೂ ಉಳಿದದ್ದಾಗಿರಲಾರದು. ತೀರ ಈಚೆಗೆ, ಹೊರಗಿನಿಂದ ಬಂದಿರಲೇಬೇಕು. ಈ ವಾದ ನಿಂತರೆ, ಪಲಾಯನ ತಾರೆಯೊಂದರ ವಂಶಾವಳಿಯ ಪುಟ ನಮ್ಮದೇ ಸಾಗರತಳದಲ್ಲಿ ದೊರೆತಂತಾಗುತ್ತದೆ. ಮೊದಲ ಗುರುತು ಬಿದ್ದುಹೋದ ರೀತಿಯನ್ನು ನೆನೆದು ಎರಡನೆಯದನ್ನೂ ಎಚ್ಚರದಿಂದಲೇ ಸ್ವೀಕರಿಸಬೇಕು. ಇಲ್ಲಿ ತಿದ್ದಲ್ಪಟ್ಟದ್ದು ವ್ಯಕ್ತಿಯ ಹೆಸರು ಮಾತ್ರ, ವಂಶದ ರೀತಿಯಲ್ಲ ಎಂಬುದು ಗಮನಾರ್ಹ.

ಉಪಸಂಹಾರ

2013ರಲ್ಲಿ ಉಡಾಯಿಸಲ್ಪಟ್ಟು 2025ರ ಜನವರಿಯಲ್ಲಿ ವೀಕ್ಷಣೆಯನ್ನು ಮುಗಿಸಿದ ಗಾಯಾ ಉಪಗ್ರಹ ಈ ಅಧ್ಯಯನದ ವ್ಯಾಪ್ತಿಯನ್ನು ಹಿಗ್ಗಿಸಿದೆ. ಅದರ ದತ್ತಾಂಶವನ್ನು ಆಧರಿಸಿದ 2023ರ ಅಧ್ಯಯನವೊಂದರಲ್ಲಿ ಪರಿಶೀಲಿತ ಓ ತಾರೆಗಳ ಪೈಕಿ ಸುಮಾರು ನಾಲ್ಕನೆಯ ಒಂದು ಪಾಲು ಪಲಾಯನ ತಾರೆಗಳೆಂದು ಕಂಡುಬಂದಿತು. ನಮ್ಮ ನೆರೆಯ ದೊಡ್ಡ ಮೆಗೆಲನ್ ಮೇಘದಲ್ಲಿನ ಆರ್136 ಎಂಬ ಗುಚ್ಛದಿಂದ 55 ಭಾರೀ ತಾರೆಗಳು ಎರಡು ಅಲೆಗಳಲ್ಲಿ ಹೊರಬಿದ್ದಿವೆಯೆಂದು 2024ರಲ್ಲಿ ವರದಿಯಾಯಿತು. ಮೊದಲ ಅಲೆ ಸುಮಾರು 18 ಲಕ್ಷ ವರ್ಷಗಳ ಹಿಂದಿನದು, ಎರಡನೆಯದು ಸುಮಾರು ಎರಡು ಲಕ್ಷ ವರ್ಷಗಳ ಹಿಂದಿನದು. ಪಲಾಯನವು ವಿರಳ ಅಪವಾದವೆಂಬ ಭಾವನೆ ಇದರಿಂದ ಸಡಿಲವಾಗಿದೆ. ಭಾರೀ ತಾರೆಗಳು ಸ್ಫೋಟಿಸುವಾಗ ತಮ್ಮಲ್ಲಿ ಸೃಷ್ಟಿಯಾದ ಮೂಲವಸ್ತುಗಳನ್ನು ಸುತ್ತಲೂ ಹರಡುತ್ತವೆ. ಅವು ಹುಟ್ಟಿದ ಮೇಘದಲ್ಲೇ ಸ್ಫೋಟಿಸುತ್ತವೆಯೋ, ನೂರಾರು ಜ್ಯೋತಿರ್ವರ್ಷ ದೂರದ ವಿರಳ ಅನಿಲದಲ್ಲೋ ಎಂಬುದರ ಮೇಲೆ ಗೆಲಕ್ಸಿಯ ಮುಂದಿನ ಇತಿಹಾಸವೇ ಅವಲಂಬಿಸಿದೆ.

ಒಟ್ಟಿನಲ್ಲಿ ಏಳು ದಶಕಗಳ ಈ ಸಂಶೋಧನೆಯಿಂದ ಮೂಡುವ ಪಾಠ ವಿಧಾನಕ್ಕೆ ಸಂಬಂಧಿಸಿದ್ದು. ಕಣ್ಣಿಗೆ ಎದ್ದು ಕಾಣುವ ನೀಹಾರಿಕೆ ತಾರೆಯ ತೌರಾಗಿರಲಿಲ್ಲ. ಬಹುಮಟ್ಟಿಗೆ ಕಣ್ಣಿಗೆ ಮರೆಯಾಗಿ ಅವಕೆಂಪಿನಲ್ಲಿ ಬೆಳಗಿದ ಕಮಾನು ಅದರ ನಡೆಯನ್ನು ತಿಳಿಸಿತು. ಒಂದೇ ಸಾಕ್ಷ್ಯವನ್ನು ನಂಬಿ ಬರೆದ ವಂಶಾವಳಿಗಳು ತಿದ್ದಲ್ಪಟ್ಟವು. ಚಲನೆ, ನೀಹಾರಿಕೆ, ರೋಹಿತ ಈ ಮೂರೂ ಒಂದೇ ಮಾತನ್ನು ಹೇಳಿದಲ್ಲಿ ನಿರ್ಣಯ ನಿಂತಿತು. ಬ್ಲಾವ್ ಅವರ ಮೊದಲ ಉದಾಹರಣೆ ಅವರ ಸಿದ್ಧಾಂತದ ಕೈಬಿಟ್ಟರೂ ಸಿದ್ಧಾಂತ ಬೇರೆಡೆ ಉಳಿದುಕೊಂಡಿತು. ಸ್ಥಾನಪಲ್ಲಟಗೊಂಡ ಕಲ್ಲನ್ನು ಅದರ ಊರಿಗೆ ಹಿಂದಿರುಗಿಸಲು ಲಿಪಿ, ಶಿಲೆ, ಪಾಠ ಎಲ್ಲವನ್ನೂ ತಾಳೆ ನೋಡುವ ಶಾಸನತಜ್ಞನ ಕಾರ್ಯಕ್ಕೂ, ಧಾವಿಸುವ ತಾರೆಯ ತೌರನ್ನು ಹುಡುಕುವ ಖಗೋಳವಿಜ್ಞಾನಿಯ ಕಾರ್ಯಕ್ಕೂ ಈ ಅರ್ಥದಲ್ಲಿ ಹೆಚ್ಚಿನ ಅಂತರವಿಲ್ಲ.